ಅನಾನಸಿನ ವಾಸನೆಗೆ ಪೂರ್ಣಿಮಾ ಹೇಳಿದ ಹೆಸರು

ನನ್ನ ಸೊಸೆ ಪೂರ್ಣಿಮಾ ಕುರಿ ಸಾಕುವವರ ಮನೆಯ ಮಗಳು. ಮದುವೆಯಾದ ಮೇಲೆ ಬಿಎಸ್ಸಿಗೆ ಸೇರಿದಳು. ಹೋದ ವರ್ಷ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಒಂದರಲ್ಲೇ ಫೇಲಾದಳು. ಈ ಸಲ ಪಾಸಾದರೆ ಡಿಗ್ರಿ ಬಂದಂತೆಯೇ.

ಪರೀಕ್ಷೆಯ ದಿನ ಝರಾಸಂಗಂನಿಂದ ಜಹೀರಾಬಾದಿಗೆ ಬಸ್ಸಿನಲ್ಲಿ ಹೊರಟೆವು. ಅವಳ ನೋಟ್‌ಬುಕ್ಕನ್ನು ನಾನು ಅಕ್ಷರ ಕೂಡಿಸಿ ಓದುತ್ತ ಪ್ರಶ್ನೆ ಕೇಳಿದೆ.

"ಇಥನಾಲ್, ಬ್ಯೂಟನೋಯಿಕ್ ಆಮ್ಲ ಕೂಡಿದ್ರ ಏನಾಗ್ತದ?"

"ಬ್ಯೂಟೈಲ್ ಇಥನೋಯೇಟ್."

"ಇಲ್ಲಿ ಇಥೈಲ್ ಬ್ಯೂಟನೋಯೇಟ್ ಅಂತ ಅದ."

"ಪ್ರತಿ ಸಲ ಉಲ್ಟಾ ಆಗ್ತದ್ರಿ ಅತ್ತಿ! ಹೋದ ವರ್ಷನೂ ಇದರಾಗೇ ಕೆಟ್ಟಿತು."

"ರೇಷನ್ ಕಾರ್ಡಿನಾಗ ನಿನ್ನ ಹೆಸರು ಹೆಂಗದ? ಪೂರ್ಣಿಮಾ ಮೊದಲ, ಗಂಡ ಸುನೀಲ್ ಆಮ್ಯಾಲೆ. ಇಲ್ಲಿ ಇಥನಾಲ್ ಅನ್ನೋ ಆಲ್ಕೋಹಾಲ್ ಸೊಸಿ, ಅದರ ಹೆಸರು ಮೊದಲ; ಆಮ್ಲ ಗಂಡ, ಅದು ಆಮ್ಯಾಲೆ."

"ಅಯ್ಯ, ಸೊಸಿಗೆ ಶರಾಬು ಅಂತೀರೇನ್ರಿ!" ಎಂದು ನಕ್ಕಳು. ಜಹೀರಾಬಾದ್ ಬರುವವರೆಗೆ ಇಪ್ಪತ್ತು ಹೆಸರು ಕೇಳಿದೆ. ಕೊನೆಯ ಎಂಟು ತಪ್ಪಲಿಲ್ಲ.

ಕಾಲೇಜಿನಲ್ಲಿ ನಾನು ಲ್ಯಾಬಿನ ಕಿಟಕಿಯ ಹೊರಗೆ ಕೂತೆ. ಅವಳು ಬ್ಯೂಟನೋಯಿಕ್ ಆಮ್ಲದ ಬಾಟಲಿ ತೆರೆದಾಗ ಕೆಟ್ಟ ಬೆಣ್ಣೆಯ ನಾತ ನನ್ನವರೆಗೂ ಬಂತು. ಗಾಜಿನ ನಳಿಗೆಯಲ್ಲಿ ಅದಕ್ಕೆ ಇಥನಾಲ್ ಬೆರೆಸಿ, ಇನ್ನೊಂದು ಆಮ್ಲದ ನಾಲ್ಕು ಹನಿ ಬಿಟ್ಟು, ನಳಿಗೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ನಾತ ಅಡಗಿ ಅನಾನಸಿನ ವಾಸನೆ ಎದ್ದಿತು!

"ಇದರ ಹೆಸರೇನಮ್ಮಾ?" ಎಂದರು ಪರೀಕ್ಷಕರು.

ಪೂರ್ಣಿಮಾ ಕಿಟಕಿಯಾಚೆ ನನ್ನ ಕಡೆ ನೋಡಿದಳು.

"ಇಥೈಲ್ ಬ್ಯೂಟನೋಯೇಟ್, ಸರ್!"

ಅವರು ತಲೆಯಾಡಿಸಿ "ಪಾಸ್" ಎಂದದ್ದೇ ತಡ, ಅವಳು ಓಡಿ ಬಂದು ಅನಾನಸಿನ ವಾಸನೆ ಹತ್ತಿದ ಅಂಗೈಯನ್ನು ನನ್ನ ಮೂಗಿಗೆ ಹಿಡಿದಳು.

"ಮೂಸಿ ನೋಡ್ರಿ ಅತ್ತಿ, ನಿಮ್ಮ ಸೊಸಿ!"