ಕಾಯೋ ಭಾವನ ಕೊನೆಯ ಗುಡ್ಡೆ

ದರ್ಜಿಗೆ ಕ್ಲಬ್ಬಿನಲ್ಲಿ 'ಕಾಯೋ ಭಾವ' ಎಂಬ ಹೆಸರು ಬಿದ್ದಿತ್ತು. ಅದನ್ನು ಇಟ್ಟವನು ಅವನ ಹೆಂಡತಿಯ ತಮ್ಮ. ಪ್ರತಿ ವರ್ಷದ ಪೋಕರ್ ಪಂದ್ಯದಲ್ಲೂ ದರ್ಜಿ ಒಳ್ಳೆಯ ಎಲೆಗೆ ಕಾದೂ ಕಾದೂ, ಸುತ್ತಿಗೊಮ್ಮೆ ಕಟ್ಟಲೇಬೇಕಾದ ಪಣಕ್ಕೇ ದುಡ್ಡಿನ ಬದಲು ಆಡುವ ಬಿಲ್ಲೆಗಳೆಲ್ಲ ಕರಗಿ, ಕೊನೆಗುಳಿದವರು ಆಡುವ ಮೇಜು ಕಾಣದೆ ಮನೆಗೆ ಹೋಗುತ್ತಿದ್ದ.

ಈ ಸಲ ಇನ್ನಿಬ್ಬರು ಹೊರಬಿದ್ದರೆ ಆ ಮೇಜು ಸಿಗುತ್ತಿತ್ತು. ಅವನ ಮುಂದೆ ಬಿಲ್ಲೆಗಳ ಸಣ್ಣ ಗುಡ್ಡೆ, ಕೈಯಲ್ಲಿ ಎಕ್ಕ ಮತ್ತು ಒಂಬತ್ತು. ಉಳಿದವರೆಲ್ಲ ಈ ಆಟ ಬಿಟ್ಟು ಎಲೆ ಕೆಳಗಿಟ್ಟಿದ್ದರು, ಭಾವಮೈದುನನೊಬ್ಬನನ್ನು ಬಿಟ್ಟು.

"ಇದೂ ಸಾಲದಾ ಭಾವ? ಕಾಯಿರಿ, ದೇವರು ಜೋಡಿ ಎಕ್ಕ ಕಳಿಸ್ತಾನೆ!" ಎಂದು ಅವನು ನಕ್ಕ.

ಅಂಗಡಿಯಲ್ಲಿ ಬಟ್ಟೆ ಕಡಿಮೆ ಬಿದ್ದಾಗ ದರ್ಜಿ ಬೆನ್ನಿನ ತುಂಡನ್ನೇ ಮೊದಲು ಕತ್ತರಿಸುತ್ತಿದ್ದ. ಕಾಲರಿನಿಂದ ಶುರುಮಾಡಿದರೆ ಬೆನ್ನಿಗೆ ಬಟ್ಟೆಯೇ ಉಳಿಯದು. ಈ ಗುಡ್ಡೆಯೂ ಹಾಗೆಯೇ ಅನ್ನಿಸಿತು. ಇಷ್ಟು ಬಿಲ್ಲೆಗೆ ಎದುರಾಳಿ ಇನ್ನೂ ಹಿಂಜರಿಯಬಹುದು. ಇನ್ನೊಂದು ಸುತ್ತು ಸವೆದರೆ ಯಾರೂ ಹೆದರುವುದಿಲ್ಲ.

"ಆಲ್ ಇನ್," ಎಂದು ಅಷ್ಟನ್ನೂ ಮುಂದಕ್ಕೆ ತಳ್ಳಿದ.

ಭಾವಮೈದುನನ ನಗು ನಿಂತಿತು. ತನ್ನ ಎಲೆಗಳನ್ನು ನೋಡಿದ, ಮತ್ತೊಮ್ಮೆ ಎತ್ತಿ ನೋಡಿದ. ಕೊನೆಗೆ ಅಷ್ಟೇ ಬಿಲ್ಲೆ ಹಾಕಿ ಏಳರ ಜೋಡಿ ತೆರೆದ. ಮೇಜಿನ ಮೇಲೆ ಐದು ಎಲೆ ಬಿದ್ದವು. ಎಕ್ಕವೂ ಬರಲಿಲ್ಲ, ಒಂಬತ್ತೂ ಬರಲಿಲ್ಲ; ಏಳರ ಜೋಡಿಯೇ ಗೆದ್ದಿತು.

"ಕಾದಿದ್ರೆ ಇನ್ನೊಂದು ಸುತ್ತು ಇರ್ತಿದ್ರಿ ಭಾವ," ಎಂದ ಅವನು. ದನಿಯಲ್ಲಿ ಕುಚೋದ್ಯವಿರಲಿಲ್ಲ.

"ಹೋದ ವರ್ಷ ಎಲ್ಲ ಸವೆದು ಉಳಿದ ನಾಲ್ಕು ಬಿಲ್ಲೆ ನಾನು ತಳ್ಳಿದಾಗ ನೀನು ಎಲೆ ನೋಡದೇ ಹಾಕಿದ್ದೆ ಕಣೋ. ಇವತ್ತು ಎರಡು ಸಲ ನೋಡ್ದೆ," ಎಂದು ದರ್ಜಿ ಅವನ ಬೆನ್ನು ತಟ್ಟಿ, ಕೋಟು ತೊಟ್ಟು ಹೊರಟ.