ಟರ್ನಾ ದೋಣಿಯ ಸೊನ್ನೆ

ಸ್ಕಾರ್‌ವಿಕ್ ಬಂದರಿನ ಕಚೇರಿಯಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಗುಡ್ನಿಗೆ ಅಚ್ಚುಕಟ್ಟಿನ ಹುಚ್ಚು. ಕಾಫಿ ಲೋಟಗಳ ಹಿಡಿಕೆಗಳೂ ಒಂದೇ ಕಡೆಗಿರಬೇಕು. ಹದಿನೆಂಟು ವರ್ಷ ಅವಳ ಎದುರು ಮೇಜಿನಲ್ಲಿ ಕೂತು ಬೈಸಿಕೊಂಡವನು ನಾನು.

ಕೊನೆಯ ದೋಣಿ ಬರುವವರೆಗೆ ನಮ್ಮ ಕಟ್ಟೆಯ ತುದಿಯ ದೀಪ ಆರಬಾರದು. ಬಂದವರು ಕಟ್ಟೆಯಲ್ಲಿ ತಮ್ಮ ತಮ್ಮ ಗುಂಡಿ ಒತ್ತುತ್ತಾರೆ. ಕಂಪ್ಯೂಟರಿನಲ್ಲಿ ಆ ದೋಣಿಯ ಹೆಸರಿನ ಕಡತ ಹುಟ್ಟುತ್ತದೆ. ಗುಡ್ನಿ ಬರೆದ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಸರಣಿ, ಮಧ್ಯಾಹ್ನ ಮೂರರಿಂದ ಆ ಕಡತಗಳನ್ನು ಹುಡುಕಿ, ಎಲ್ಲವೂ ಸಿಕ್ಕ ಮೇಲೆ ದೀಪ ಆರಿಸುತ್ತದೆ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸ್ಕ್ರಿಪ್ಟು ಇನ್ನೂ ಚೊಕ್ಕವಾಗಲೆಂದು, ಗ್ರೆಪ್ ಎಂಬ ಆಜ್ಞೆಯನ್ನು ತೆಗೆದು ಫೈಂಡ್ ಹಾಕಿದಳು. ಕೆಲಸ ಮುಗಿಸಿದ ಆಜ್ಞೆ ಒಂದು ಸಂಖ್ಯೆ ಹೇಳುತ್ತದೆ; ಅದು ಸೊನ್ನೆಯಾದರೆ ಸ್ಕ್ರಿಪ್ಟು ದೀಪ ಆರಿಸುತ್ತದೆ. ಗ್ರೆಪ್, ಹುಡುಕಿದ್ದು ಸಿಕ್ಕರೆ ಸೊನ್ನೆ, ಸಿಗದಿದ್ದರೆ ಒಂದು ಎನ್ನುತ್ತಿತ್ತು. ಫೈಂಡ್ ಏನೂ ಸಿಗದಿದ್ದರೂ, ಹುಡುಕಾಟ ಸುಸೂತ್ರವಾಯಿತೆಂದು ಸೊನ್ನೆಯನ್ನೇ ಕೊಡುತ್ತದೆ. ಆ ಮಧ್ಯಾಹ್ನ ಮಂಜು ಕವಿದಿತ್ತು. ಗುಡ್ನಿಯ ತಮ್ಮ ಐಲರ್ಟನ ‘ಟರ್ನಾ’ ಒಂದೇ ಹೊರಗಿತ್ತು. ಮೂರಕ್ಕೆ ದೀಪ ಆರಿತು. ಐಲರ್ಟ್ ಬರಲಿಲ್ಲ, ದೋಣಿಯ ಒಂದು ಹಲಗೆಯೂ ಸಿಗಲಿಲ್ಲ.

ಗುಡ್ನಿ ತಪ್ಪು ತಿದ್ದಿದಳು. ಸ್ಕ್ರಿಪ್ಟು ಹುಡುಕುವ ದೋಣಿಗಳ ಪಟ್ಟಿಯಿಂದ ಟರ್ನಾದ ಹೆಸರನ್ನು ಮಾತ್ರ ತೆಗೆಯಲಿಲ್ಲ. ಹಾಗಾಗಿ ದಿನವೂ ಉತ್ತರ ಒಂದು, ದೀಪ ಉರಿಯುತ್ತಲೇ ಇತ್ತು. ಕೇಳಿದರೆ, “ನಿಮ್ಮಪ್ಪನ ಮನೆ ಕರೆಂಟಾ? ಸುಮ್ನೆ ಕೂತ್ಕೊಳೋ,” ಎನ್ನುತ್ತಿದ್ದಳು.

ಕಳೆದ ಫೆಬ್ರವರಿಯ ಒಂದು ಮಂಜಿನ ಮಧ್ಯಾಹ್ನ, ಮೂರೂ ಹತ್ತಕ್ಕೆ ಆ ದೀಪ ಆರಿತು.

“ಅಂತೂ ಹೆಸರು ತೆಗೆದ್ಯಾ?” ಎಂದೆ.

“ನಾನು ಮುಟ್ಟಿಲ್ಲ ಕಣೋ.” ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಪರದೆಯಲ್ಲಿ ಸೊನ್ನೆ. ಕಡತವೂ ಇತ್ತು: ಟರ್ನಾ, ಇವತ್ತಿನ ತಾರೀಖು, ಮೂರು ಗಂಟೆ ಎಂಟು ನಿಮಿಷ.

“ತಂತಿ ಕೆಟ್ಟಿರ್ಬೇಕು ಬಿಡು.”

“ಒಂದ್ಸಲ ಸೊನ್ನೆ ನಂಬಿ ಅವನನ್ನ ಕಳ್ಕೊಂಡೆ. ಈ ಸಲ ಕಣ್ಣಾರೆ ನೋಡ್ಬೇಕು. ನಡಿ.”

ಕಟ್ಟೆಯಲ್ಲಿ ಟರ್ನಾದ ಜಾಗ ಖಾಲಿಯಿತ್ತು. ಆದರೆ ಒಂಬತ್ತು ವರ್ಷದಿಂದ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಅದರ ಗುಂಡಿಯ ಮುಚ್ಚಳ ತೆರೆದಿತ್ತು. ಒಳಗೆ ಗುಂಡಿ ಒದ್ದೆಯಾಗಿತ್ತು. ಗುಡ್ನಿ ತನ್ನ ಉಣ್ಣೆಯ ಕೈಗವಸಿನಿಂದ ಗುಂಡಿಯನ್ನು ಮೆಲ್ಲಗೆ ಒರೆಸಿದಳು.

“ನಂದೇ ತಪ್ಪು ಕಣೋ, ದೀಪ ಆರಿಸ್ಬಿಟ್ಟಿದ್ದೆ,” ಎಂದಳು, ನನಗಲ್ಲ. “ಬಾ, ಮನೆಗೆ ಹೋಗೋಣ.”

ವಾಪಸು ಬರುವಾಗ ಅವಳು ಕಟ್ಟೆಯ ಅಂಚಿಗೆ ಸರಿದು ನಡೆದಳು. ನೀರಿಗೆ ಬಿದ್ದಾಳೆಂದು ನಾನು ಅವಳ ಪಕ್ಕಕ್ಕೆ ಹೋದೆ.

“ಹಿಂದೆ ಬಾರೋ,” ಎಂದು ಗದರಿದಳು. “ಅವನಿಗೆ ಜಾಗ ಬಿಡು.”