ಸಿ.ಡಿ. ಅಂದರೆ ಯಾವ ಕಾಯಿಲೆ?

ಬರ್ನಿ ಪಟ್ಟಣದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಳಗಿನ ಆರಕ್ಕೇ ದೀಪ ಹತ್ತಿದೆ. ಕೋಣೆಗೆ ಕಿಟಕಿಯಿಲ್ಲ. ಮೆರಿಲಿನ್ ಟೆಬಟ್ ಕಂಪ್ಯೂಟರ್ ಪರದೆಯತ್ತ ಬಾಗಿ ಒಂದೇ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದಾರೆ: ‘ಸಿ.ಡಿ. ಉಲ್ಬಣಿಸಿದೆ.’

“ಯಾವ ಸಿ.ಡಿ.? ಕ್ರೋನ್ಸ್ ಡಿಸೀಸೂ ಸಿ.ಡಿ.ನೇ, ಸೀಲಿಯಾಕ್ ಡಿಸೀಸೂ ಸಿ.ಡಿ.ನೇ. ಎರಡೂ ಕರುಳಿಂದು. ನಂಗಂತೂ ತಲೆ ಕೆಟ್ಟುಹೋಗಿದೆ.”

ಐವತ್ತೆಂಟರ ಮೆರಿಲಿನ್ ಕ್ಲಿನಿಕಲ್ ಕೋಡರ್. ಮನೆಗೆ ಮರಳಿದ ರೋಗಿಗಳ ಕಡತ ಓದಿ ಪ್ರತಿ ಕಾಯಿಲೆಗೂ ಅದರ ಸಂಕೇತ ಹಾಕುವುದು ಇವರ ಕೆಲಸ. ಸೀಲಿಯಾಕ್‌ಗೆ ಕೆ90.0, ಕ್ರೋನ್ಸ್‌ಗೆ ಕೆ50. ದಿನಕ್ಕೆ ಇಪ್ಪತ್ತೈದು ಕಡತ. ಮೊದಲು ಹದಿನೆಂಟು ವರ್ಷ ಕಾಗದದ ಗಿರಣಿಯ ಕ್ಯಾಂಟೀನಿನಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಎರಡು ಸಲ ಫೇಲಾಗಿ ಕಲಿತ ವಿದ್ಯೆ ಇದು.

ಈ ಕಡತ ಎಂಬತ್ತೊಂದರ ಅಜ್ಜಿಯೊಬ್ಬರದು. ಮರೆವಿನ ಕಾಯಿಲೆ; ಕೊಟ್ಟದ್ದನ್ನು ತಿನ್ನುತ್ತಾರೆ, ಬೇಡವೆನ್ನಲು ತಿಳಿಯದು. ಭೇದಿಯಾಗಿ ಸೇರಿದವರಿಗೆ ವಾರ್ಡಿನವರು ಕ್ರೋನ್ಸ್ ಎಂದುಕೊಂಡು, ಕರುಳಿಗೆ ಹಗುರವೆಂದು, ಐದು ದಿನ ಬಿಳಿ ಬ್ರೆಡ್ಡಿನ ಟೋಸ್ಟಿಗೆ ವೆಜಿಮೈಟ್ ಎಂಬ ಉಪ್ಪುಪ್ಪಾದ ಲೇಪ ಸವರಿ ಕೊಟ್ಟಿದ್ದಾರೆ. ಒಂಬತ್ತು ವರ್ಷದ ಹಿಂದಿನ ಬಯಾಪ್ಸಿ ವರದಿ ಮಾತ್ರ ಸೀಲಿಯಾಕ್ ಎನ್ನುತ್ತಿದೆ. ಹಾಗಿದ್ದರೆ ಗೋಧಿಯ ಚೂರೂ ಆಗದು.

ವೈದ್ಯರು ಬರೆಯದ್ದನ್ನು ಕೋಡರ್ ಊಹಿಸುವಂತಿಲ್ಲ. ಮೆರಿಲಿನ್ ವಾರ್ಡಿಗೆ ಫೋನ್ ಮಾಡುತ್ತಾರೆ. ಎತ್ತಿದವರು ಕಿರಿಯ ವೈದ್ಯ ಫಿನೌ.

“ಹಳೇ ಕಾಯಿಲೆಗಳ ಪಟ್ಟೀಲಿ ಕ್ರೋನ್ಸ್ ಅಂತಿತ್ತಲ್ಲ, ಮೆರಿಲಿನ್.”

“ಬಯಾಪ್ಸಿ ನೋಡಿದ್ರಾ, ಡಾಕ್ಟ್ರೇ?”

“ಇಲ್ಲ. ಅವರು ನಿನ್ನೆ ವೃದ್ಧಾಶ್ರಮಕ್ಕೆ ವಾಪಸ್ ಹೋದ್ರು. ಅಲ್ಲಿಗೂ ಬಿಳಿ ಬ್ರೆಡ್ಡೇ ಬರೆದುಕೊಟ್ಟಿದೀನಿ. ಇರಿ, ಈಗ್ಲೇ ನೋಡ್ತೀನಿ.”

ಮಧ್ಯಾಹ್ನದೊಳಗೆ ಉತ್ತರ ಬರುತ್ತದೆ: ಸೀಲಿಯಾಕೇ. ಆಶ್ರಮಕ್ಕೆ ಫೋನ್ ಹೋಗಿದೆ, ತಟ್ಟೆಯಿಂದ ಬ್ರೆಡ್ ತೆಗೆದಿದ್ದಾರೆ.

ಹಾಗಾದರೆ ಹಳೆಯ ಪಟ್ಟಿಗೆ ಕ್ರೋನ್ಸ್ ಬಂದದ್ದೆಲ್ಲಿಂದ? ಮೆರಿಲಿನ್ ಹುಡುಕುತ್ತಾ ಹೋಗುತ್ತಾರೆ. ಮೂರು ವರ್ಷದ ಹಿಂದೆ ಅಜ್ಜಿ ಸೊಂಟ ಮುರಿದುಕೊಂಡು ಬಂದಾಗಲೂ ಯಾರೋ ‘ಸಿ.ಡಿ.’ ಎಂದಷ್ಟೇ ಗೀಚಿದ್ದರು. ಅದಕ್ಕೆ ಕ್ರೋನ್ಸ್‌ನ ಕೆ50 ಹಾಕಿ ಪಟ್ಟಿಗೆ ಸೇರಿಸಿದವರ ಹೆಸರು ಎಂ. ಟೆಬಟ್.

“ಡಾಕ್ಟ್ರನ್ನ ಕೇಳದೆ ಹಾಕೋಳಲ್ಲ ನಾನು,” ಎನ್ನುವಾಗ ಅವರ ದನಿ ಇಳಿಯುತ್ತದೆ. “ಆದ್ರೆ ಹಾಕಿದೀನಿ.”

“ಬಿಡು ಮಾರಾಯ್ತಿ, ತಿದ್ದಿ ಸುಮ್ನಾಗು. ಅಷ್ಟು ಹಳೇದನ್ನ ಯಾರು ನೋಡ್ತಾರೆ,” ಎನ್ನುತ್ತಾರೆ ವಿಭಾಗದ ಮುಖ್ಯಸ್ಥ ಡರಿಲ್.

ಮೆರಿಲಿನ್ ಕೆಲಸದಲ್ಲಾದ ತಪ್ಪನ್ನು ವರದಿ ಮಾಡುವ ನಮೂನೆ ತೆರೆದು ತಮ್ಮ ಹೆಸರು ತುಂಬುತ್ತಾರೆ. ‘ಕಾರಣ’ ಎಂಬಲ್ಲಿ ಇಪ್ಪತ್ತು ನಿಮಿಷ ಕೈ ನಿಲ್ಲುತ್ತದೆ. ಕೊನೆಗೆ ‘ಗೊತ್ತಿಲ್ಲ’ ಎಂದು ಬರೆದು ಕಳಿಸುತ್ತಾರೆ.

“ಆ ಅಜ್ಜಿಗೆ ನಾನ್ಯಾರು ಅಂತ ತಿಳಿಯೋದೇನೂ ಬೇಡ. ಅವತ್ತು ಯಾಕೆ ಹಾಗೆ ಹಾಕಿದೆ ಅನ್ನೋದೊಂದು ನಂಗೆ ನೆನಪಾದ್ರೆ ಸಾಕು. ನೆನಪಾಗ್ಲಿಲ್ಲ ಅಂದ್ರೆ, ಎಲ್ಲಾದನ್ನೂ ಕೇಳ್ತಾ ಇರ್ತೀನಿ. ಡಾಕ್ಟ್ರುಗಳು ಬೈಕೊಳ್ಳಲಿ.”